ಟೆನ್ಶನ್ ಅಂತ ಸುಮ್ಮನಾಗಬೇಡಿ
(ಸುದ್ದಗುಂಟೆಪಾಳ್ಯದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ನಮ್ಮ ಸಂಘದ ಒಬ್ಬ ತಾಯಿಗೆ ಎರಡು ವರ್ಷ ಎದೆ ಡವಡವ, ತಲೆಸುತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಹೋದಲ್ಲೆಲ್ಲ "ಟೆನ್ಶನ್ ಅಮ್ಮಾ, ಯೋಚನೆ ಬಿಡಿ" ಅಂದರು. ನಾವೂ ಹಾಗೇ ಸಮಾಧಾನ ಹೇಳಿದೆವು; ಅದು ನಮ್ಮ ತಪ್ಪು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7. ಕಡಿಮೆಯೆಂದರೂ 12 ಇರಬೇಕು. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು. ಯಾರೂ ಕೇಳಲಿಲ್ಲ, ನಾಚಿಕೆಯಿಂದ ಆಕೆಯೂ ಹೇಳಲಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸುಮಾರು ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆ ಕಂಡುಬಂದಿದೆ. ಥೈರಾಯ್ಡ್ ಹೆಚ್ಚಾದರೂ ಎದೆಬಡಿತ, ಕೈನಡುಕ ಬರುತ್ತೆ.

ಆದ್ದರಿಂದ ತೊಂದರೆ ಯಾವಾಗಿಂದ, ಮುಟ್ಟು ಹೇಗಿದೆ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸಂಘದ ಒಬ್ಬರು ಜೊತೆಗಿರಲಿ. "ರಕ್ತ, ಥೈರಾಯ್ಡ್ ಪರೀಕ್ಷೆ ಬೇಕಾ ಡಾಕ್ಟ್ರೇ?" ಅಂತ ಧೈರ್ಯವಾಗಿ ಕೇಳಿ. ಆತಂಕವೇ ಕಾರಣ ಅಂತಾದರೆ ಅದೂ ಕಾಯಿಲೆಯೇ, ಚಿಕಿತ್ಸೆ ಇದೆ. ನಿಮ್ಹಾನ್ಸ್ ನಮಗೆ ಹತ್ತಿರದಲ್ಲೇ ಇದೆ. ನಾಟಕ ಅಂತ ಮಾತ್ರ ಯಾರನ್ನೂ ಅನ್ನಬೇಡಿ.