ಕುಂಕುಮದ ಭರಣಿ



ಕಳೆದ ವರ್ಷ ಕಿಕ್ಕೇರಮ್ಮನ ಜಾತ್ರೆಗೆಂದು ಹುಟ್ಟಿದೂರಿಗೆ ಹೋಗಿದ್ದೆ. ಜಾತ್ರೆಯ ಮರುದಿನ ಅಕ್ಕನ ಮೊಮ್ಮಗಳು, ಈಗತಾನೆ ಕಾಲೇಜಿನ ಮೆಟ್ಟಿಲು ಹತ್ತಿರುವ ಹುಡುಗಿ, ಒಂದು ಪುಟ್ಟ ಡಬ್ಬಿಯನ್ನು ತಂದು ನನ್ನ ಕೈಗಿಟ್ಟಳು. “ಚಿಕ್ಕಜ್ಜಿ, ಇದು ನ್ಯಾಚುರಲ್ ಅಂತೆ. ಮುಖಕ್ಕೆ ಹಚ್ಕೋಬಹುದಾ?” ಎಂದು ಕೇಳಿದಳು. ಡಬ್ಬಿಯ ಮೇಲೆ ಎರಡು ಹಸಿರೆಲೆ, ಒಂದು ಅರಿಶಿನದ ಕೊಂಬು, ನಗುತ್ತಿರುವ ಒಂದು ಬಿಳಿಯ ಮುಖ. ತಯಾರಿಸಿದವರ ಹೆಸರಿಲ್ಲ, ವಿಳಾಸವಿಲ್ಲ. ಒಳಗೆ ಏನಿದೆ ಎಂಬುದರ ಸುಳಿವೂ ಇಲ್ಲ.

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕನ್ನಡ ಎಂ.ಎ. ತರಗತಿಗಳಿಗೆ ಅಲಂಕಾರಶಾಸ್ತ್ರವನ್ನು ಪಾಠ ಹೇಳಿದವಳು ನಾನು. ಕಾವ್ಯಕ್ಕೆ ತೊಡಿಸುವ ಅಲಂಕಾರದ ವಿಷಯವಾಗಿ ಗಂಟೆಗಟ್ಟಲೆ ಮಾತನಾಡಬಲ್ಲೆ. ಆದರೆ ಆ ಹುಡುಗಿಯ ಪ್ರಶ್ನೆಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಅವಳ ತಾಯಿ ನಿಂತಿದ್ದಳು. ಅವಳ ಕೈ ತಾನಾಗಿಯೇ ಹಣೆಯತ್ತ ಹೋದುದನ್ನು ನಾನು ಕಂಡೆ. ಆ ಮನೆಯಲ್ಲಿ ಈ ಪ್ರಶ್ನೆಗೊಂದು ಪೂರ್ವಕಥೆ ಉಂಟು. ಅದನ್ನು ಹೇಳದೆ ಉತ್ತರ ಹೇಳುವುದು ಸಾಧ್ಯವಿಲ್ಲ.

ಕೃಷ್ಣರಾಜಪೇಟೆಯಿಂದ ಶ್ರವಣಬೆಳಗೊಳದತ್ತ ಹೋಗುವ ದಾರಿಯಲ್ಲಿ ನಮ್ಮೂರು ಕಿಕ್ಕೇರಿ ಸಿಗುತ್ತದೆ. ಕವಿ ಕೆ. ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಊರು ಎಂದರೆ ಸಾಹಿತ್ಯಾಸಕ್ತರಿಗೆ ಬೇರೆ ಪರಿಚಯ ಬೇಡ. ಹೊಯ್ಸಳರ ಕಾಲದ ಬ್ರಹ್ಮೇಶ್ವರ ದೇವಾಲಯವೂ ಅಲ್ಲಿದೆ. 1171ರಲ್ಲಿ ಅದನ್ನು ಕಟ್ಟಿಸಿದವಳು ಬಮ್ಮವೆ ನಾಯಕಿತಿ ಎಂಬ ಹೆಣ್ಣುಮಗಳು. ನಾನು ಚಿಕ್ಕವಳಾಗಿದ್ದಾಗ ಆ ಊರಿನ ಹೆಂಗಸರ ಪ್ರಸಾಧನ ಸಾಮಗ್ರಿಯೆಲ್ಲ ಒಂದು ಗೂಡಿನೊಳಗೆ ಹಿಡಿಯುತ್ತಿತ್ತು: ಒಂದು ಕನ್ನಡಿ, ಒಂದು ಬಾಚಣಿಗೆ, ಮೇಣದ ಉಂಡೆ, ಕಾಡಿಗೆಯ ಡಬ್ಬಿ, ಸಾದಿನ ಕರಟ ಮತ್ತು ಮರದ ಕುಂಕುಮದ ಭರಣಿ. ಬಳೆಗಾರ ಊರಿಗೆ ಬಂದರೆ ಬಳೆಯ ಜೊತೆಗೆ ಟೇಪು, ಪಿನ್ನು ಕೊಳ್ಳುತ್ತಿದ್ದರೇ ಹೊರತು ಮುಖಕ್ಕೆ ಹಚ್ಚುವುದನ್ನು ಕೊಂಡ ನೆನಪು ನನಗಿಲ್ಲ.

ನಮ್ಮಮ್ಮ ಸಬ್ಬಕ್ಕಿಯನ್ನು ಕಪ್ಪಗಾಗುವವರೆಗೆ ಹುರಿದು, ನೀರೆರೆದು ಕುದಿಸಿ, ಆ ಅಂಟನ್ನು ತೆಂಗಿನ ಕರಟಕ್ಕೆ ಹುಯ್ದು ಒಣಗಿಸುತ್ತಿದ್ದರು. ಅದೇ ಸಾದು. ಬೇಕೆಂದಾಗ ಒಂದು ಹನಿ ನೀರಿನಲ್ಲಿ ತೇಯ್ದು ಮಕ್ಕಳ ಹಣೆಗೂ ಕೆನ್ನೆಗೂ ಬೊಟ್ಟಿಡುವುದು. ಕುಂಕುಮಕ್ಕೆ ಅರಿಶಿನದ ಕೊಂಬನ್ನು ಒಡೆದು, ನಿಂಬೆಯ ರಸದಲ್ಲಿ ಬಿಳಿಗಾರ ಕೂಡಿಸಿ ನೆನೆಹಾಕಿ, ನೆರಳಲ್ಲಿ ಒಣಗಿಸಿ, ಕುಟ್ಟಿ, ತೆಳುವಾದ ಬಟ್ಟೆಯಲ್ಲಿ ಸೋಸುತ್ತಿದ್ದರು. ಹಳದಿಯ ಕೊಂಬು ದಿನದಿಂದ ದಿನಕ್ಕೆ ಕೆಂಪೇರುವುದನ್ನು ನೋಡುವುದೇ ನಮಗೊಂದು ಸೋಜಿಗ. ಅರಿಶಿನದ ನೀರಿಗೆ ಸುಣ್ಣ ಬೆರೆತಾಗ ಆರತಿಯ ನೀರು ಕೆಂಪಾಗುವುದನ್ನೂ, ಅರಿಶಿನದ ಕಲೆಗೆ ಸಾಬೂನು ತಾಕಿದರೆ ಕೆಂಪಾಗುವುದನ್ನೂ ನೀವು ಕಂಡಿರುತ್ತೀರಿ. ಅರಿಶಿನದೊಳಗಿನ ಕರ್ಕ್ಯುಮಿನ್ ಎಂಬ ವರ್ಣದ್ರವ್ಯದ ಗುಣವದು. ಹಣೆಗೆ ಒಂದಿಷ್ಟು ಮೇಣ ಸವರಿ ಅದರ ಮೇಲೆ ಕುಂಕುಮ ಒತ್ತಿದರೆ ಸಂಜೆಯವರೆಗೂ ಅಳಿಸುತ್ತಿರಲಿಲ್ಲ.

ಮಾನಸಗಂಗೋತ್ರಿಯಲ್ಲಿ ಓದು ಮುಗಿಸಿ, ಮೈಸೂರಿನಲ್ಲಿ ಅಧ್ಯಾಪಕಿಯಾದ ಮೇಲೆ ಈ ಮೇಣ, ಈ ಭರಣಿ ನನಗೆ ಹಳ್ಳಿಯ ಗೊಡ್ಡುತನದಂತೆ ತೋರತೊಡಗಿದವು. ಊರಿಗೆ ಹೋದಾಗಲೆಲ್ಲ ಅಕ್ಕನ ಮಗಳಿಗೆ ಸ್ಟಿಕ್ಕರ್ ಬೊಟ್ಟಿನ ಪಾಕೀಟುಗಳನ್ನು ಒಯ್ಯುತ್ತಿದ್ದೆ. ಸೀರೆಗೆ ಒಪ್ಪುವ ಬಣ್ಣ, ಬೆವರಿಗೆ ಕರಗದ ಅನುಕೂಲ. ಹುಡುಗಿಗೆ ಹಿಗ್ಗೋ ಹಿಗ್ಗು. ಆ ಪಾಕೀಟುಗಳನ್ನು ಯಾರು ತಯಾರಿಸಿದರು, ಅದರ ಅಂಟು ಯಾವುದು ಎಂದು ಕೇಳಬೇಕೆಂದು ನನಗೆ ಒಮ್ಮೆಯೂ ತೋಚಲಿಲ್ಲ.

1998ರಲ್ಲಿ, ಅವಳಿಗೆ ಹತ್ತೊಂಬತ್ತು ತುಂಬಿದಾಗ, ಹುಬ್ಬುಗಳ ನಡುವೆ ಬೊಟ್ಟು ಕೂರುವ ಜಾಗದಲ್ಲಿ ಮೊದಲು ನವೆ, ಆಮೇಲೆ ಒಂದು ಬಿಳಿಯ ಮಚ್ಚೆ ಕಾಣಿಸಿತು. ಅದನ್ನು ಮರೆಮಾಡಲು ಅವಳು ಇನ್ನೂ ದೊಡ್ಡ ಬೊಟ್ಟನ್ನು ಅಂಟಿಸಿದಳು. ಮಚ್ಚೆ ಅದರ ಅಂಚನ್ನೂ ಮೀರಿ ಬೆಳೆಯಿತು. ಹಳ್ಳಿಯಲ್ಲಿ ಇಂಥದಕ್ಕೆ ಇರುವ ಮಾತು ಒಂದೇ: ತೊನ್ನು. ಆ ಮಾತು ಬಾವಿಕಟ್ಟೆಯಿಂದ ಸಂತೆಗೆ, ಸಂತೆಯಿಂದ ಬೀಗರಾಗಬೇಕಾದವರ ಮನೆಗೆ ನಡೆದುಹೋಯಿತು. ಮಾತುಕತೆ ಮುಗಿದು ವೀಳ್ಯ ಬದಲಾಯಿಸುವುದಷ್ಟೇ ಉಳಿದಿದ್ದ ಸಂಬಂಧ ಮುರಿದುಬಿತ್ತು.

ಮೈಸೂರಿಗೆ ಕರೆತಂದು ಚರ್ಮವೈದ್ಯರಿಗೆ ತೋರಿಸಿದೆ. ಅವರು ಮಚ್ಚೆಯ ಆಕಾರವನ್ನು ನೋಡಿ, “ಮೊದಲು ಆ ಬೊಟ್ಟು ಬಿಡಲಿ” ಎಂದರು. ಇಂಥ ಬೊಟ್ಟುಗಳ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫೀನಾಲ್ ಎಂಬ ದ್ರವ್ಯವಿರುವುದುಂಟು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ಅದು ಕೊಲ್ಲಬಲ್ಲದು. 1990ರಲ್ಲಿಯೇ ನಮ್ಮ ದೇಶದ ಚರ್ಮತಜ್ಞರು ಇದನ್ನು ವೈದ್ಯಪತ್ರಿಕೆಯಲ್ಲಿ ಬರೆದಿದ್ದರಂತೆ. ಎಂಟು ವರ್ಷ ಕಳೆದರೂ ಆ ಸಂಗತಿ ಪ್ರಾಧ್ಯಾಪಕಿಯಾದ ನನ್ನ ಕಿವಿಗೇ ಬಿದ್ದಿರಲಿಲ್ಲ. ಕಿಕ್ಕೇರಿಯ ಹುಡುಗಿಗೆ ತಿಳಿಯುವುದು ಹೇಗೆ? ಅಕ್ಕ ನನ್ನನ್ನು ಬೈಯಲಿಲ್ಲ. “ಎಂ.ಎ. ಓದ್ದೋಳಲ್ವೇ ನೀನು, ಅದ್ರಲ್ಲಿ ಏನೈತೆ ಅಂತ ಒಂದಪ ನೋಡ್ಬಾರ್ದಾಗಿತ್ತೇ?” ಎಂದಳು, ಅಷ್ಟೆ. ಆ ಮಾತಿಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಬೊಟ್ಟು ಬಿಟ್ಟು, ಔಷಧ ಹಚ್ಚಿ, ಎರಡು ವರ್ಷ ಕಳೆಯುವ ಹೊತ್ತಿಗೆ ಮಚ್ಚೆ ಕುಗ್ಗಿತು. ರಾಗಿಕಾಳಿನಷ್ಟು ಈಗಲೂ ಉಳಿದಿದೆ. ಮುಂದೆ ಬೇರೊಂದು ಒಳ್ಳೆಯ ಮನೆಗೆ ಅವಳು ಸೇರಿದಳು. ಡಬ್ಬಿ ಹಿಡಿದು ನನ್ನ ಮುಂದೆ ನಿಂತಿದ್ದವಳು ಅವಳ ಮಗಳು.

ಇಷ್ಟನ್ನು ಕೇಳಿದ ನೀವು, ‘ಹಾಗಾದರೆ ಹಳೆಯದೇ ಲೇಸು, ನಿಸರ್ಗದಿಂದ ಬಂದದ್ದೆಲ್ಲ ನಿರಪಾಯ’ ಎಂದು ನಾನು ಹೇಳುತ್ತೇನೆಂದು ನಿರೀಕ್ಷಿಸಬಹುದು. ಹಾಗೆ ಹೇಳಲು ನನ್ನ ಮನಸ್ಸು ಒಪ್ಪದು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಗೇರುಬೀಜ ಕಾಡಿನ ಮರದಿಂದಲೇ ಬಂದದ್ದು. ಅದರ ರಸ ತಾಕಿದರೆ ಮೈ ಬೊಬ್ಬೆಯೇಳುತ್ತದೆ. ಸುರ್ಮಾ ಎಂಬ ಕಣ್ಣಿನ ಪುಡಿಯನ್ನು ಹಲವೆಡೆ ಗೆಲೀನಾ ಎಂಬ ಅದಿರಿನಿಂದ ತಯಾರಿಸುತ್ತಾರೆ. ಅದು ನೆಲದೊಡಲಿನಲ್ಲಿ ಸಹಜವಾಗಿ ದೊರೆಯುವ ಸೀಸದ ಸಂಯುಕ್ತ. ಸೀಸವು ಎಳೆಯ ಮಕ್ಕಳ ಮಿದುಳಿಗೆ ವಿಷ. ನಿಂಬೆರಸ ಬಳಿದುಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕಪ್ಪಾಗುವುದುಂಟು. ನಮ್ಮಮ್ಮನ ಬಿಳಿಗಾರವೂ ಗ್ರಂಧಿಗೆ ಅಂಗಡಿಯಿಂದ ಬಂದ ರಾಸಾಯನಿಕವೇ. ಹರಳೆಣ್ಣೆಯ ದೀಪದ ಮೇಲೆ ಹಿತ್ತಾಳೆಯ ತಟ್ಟೆ ಕವುಚಿ, ಹಿಡಿದ ಮಸಿಯನ್ನು ತುಪ್ಪದಲ್ಲಿ ಕಲಸಿ, ಅದೇ ಬೆರಳಿನಿಂದ ಮನೆಯ ಕೂಸುಗಳ ಕಣ್ಣಿಗೆಲ್ಲ ಅವರು ಕಾಡಿಗೆ ತೀಡುತ್ತಿದ್ದರು. ಮಗುವಿನ ಕಣ್ಣಿಗೆ ಯಾವ ಕಾಡಿಗೆಯೂ ಬೇಡ, ಬೆರಳಿನ ಸೋಂಕೇ ಸಾಕು ಕಣ್ಣು ಕೆಡಲು ಎಂದು ಇಂದಿನ ವೈದ್ಯರು ಹೇಳುತ್ತಾರೆ. ಅಮ್ಮನ ಮೇಲಿನ ಅಕ್ಕರೆಗಾಗಿ ನಾನು ಅದನ್ನು ಅಲ್ಲಗಳೆಯಲಾರೆ.

ಇನ್ನು ಅರಿಶಿನವೇ ಅರಿಶಿನವಾಗಿ ಉಳಿದಿದೆಯೇ? ಬಣ್ಣ ಮಿರುಗಲೆಂದು ಅರಿಶಿನಕ್ಕೆ ಲೆಡ್ ಕ್ರೋಮೇಟ್ ಎಂಬ ಸೀಸದ ಹಳದಿಯನ್ನು ಬೆರೆಸುತ್ತಿದ್ದುದು 2019ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಅಧ್ಯಯನದಿಂದ ಬಯಲಾಯಿತು. ಅಗ್ಗದ ಕುಂಕುಮದಲ್ಲಿ ಅರಿಶಿನದ ಬದಲು ಹಿಟ್ಟಿಗೆ ಬೆರೆಸಿದ ಕೃತಕ ಬಣ್ಣವೇ ಇರಬಹುದು. ಗೋರಂಟಿಯ ಸೊಪ್ಪು ಕೈಗೆ ಕೊಡುವುದು ಕೆಂಪನ್ನು. ಅರ್ಧ ಗಂಟೆಯಲ್ಲಿ ಕಡುಗಪ್ಪು ಬಣ್ಣ ಕೊಡುವ ಗೋರಂಟಿಯಲ್ಲಿ ಕೂದಲಿಗೆ ಹಾಕುವ ಪ್ಯಾರಾ ಫೆನಿಲೀನ್ ಡೈಅಮೀನ್ ಬೆರೆತಿದೆಯೆಂದು ಶಂಕಿಸಬೇಕು; ಚರ್ಮ ಸುಟ್ಟು ಗುಳ್ಳೆಯೇಳಿಸುವ ಶಕ್ತಿ ಅದಕ್ಕುಂಟು. ಡಬ್ಬಿಯ ಮೇಲೆ ಎಲೆಯ ಚಿತ್ರ ಬರೆಯುವುದಕ್ಕೆ ಎಲೆಯೇ ಬೇಕೆಂದಿಲ್ಲವಷ್ಟೆ!

ಹುಡುಗಿ ತಂದ ಡಬ್ಬಿಯಲ್ಲಿದ್ದುದು ಬಿಳುಪಿನ ಲೇಪನ. ಇವುಗಳಲ್ಲಿ ಕೆಲವಕ್ಕೆ ಪಾದರಸವನ್ನು ಬೆರೆಸುವುದುಂಟು. ಚರ್ಮದಲ್ಲಿ ಬಣ್ಣ ಹುಟ್ಟುವುದನ್ನೇ ಅದು ತಡೆಯುವುದರಿಂದ ಒಂದೆರಡು ವಾರಗಳಲ್ಲಿ ಮುಖ ಬೆಳ್ಳಗಾದಂತೆ ಕಾಣುತ್ತದೆ. ಆದರೆ ಪಾದರಸ ಚರ್ಮದ ಮೇಲೆ ನಿಲ್ಲದೆ ರಕ್ತಕ್ಕಿಳಿದು ಮೂತ್ರಪಿಂಡವನ್ನು ಸೇರುತ್ತದೆ. ಕೇರಳದ ಕೋಟ್ಟಕ್ಕಲ್‌ನಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರಿನವರೆಗೆ ಮೂತ್ರಪಿಂಡದ ಒಂದು ಬಗೆಯ ಕಾಯಿಲೆಯಿಂದ ಬಂದ 22 ಮಂದಿಯನ್ನು ಅಲ್ಲಿನ ತಜ್ಞರು ಪರಿಶೀಲಿಸಿದರು. ಅವರಲ್ಲಿ 15 ಮಂದಿಯದು ಅಪರೂಪದ ಒಂದು ಪ್ರಭೇದ. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದವರು. ಕಾಲು ಊದಿಕೊಂಡು, ಮೂತ್ರದಲ್ಲಿ ನೊರೆ ಕಾಣಿಸಿ ಆಸ್ಪತ್ರೆಗೆ ಬರುವವರೆಗೆ ಕನ್ನಡಿ ಇದನ್ನು ತಿಳಿಸುವುದಿಲ್ಲ. ಇಷ್ಟು ಬೆಲೆ ತೆತ್ತು ಬಿಳುಪನ್ನು ಕೊಳ್ಳುವ ಹಂಬಲ ನಮಗೆ ಎಲ್ಲಿಂದ ಅಂಟಿತೋ! ಮಹಾಭಾರತದ ನಾಯಕಿಯ ಹೆಸರೇ ಕೃಷ್ಣೆ ಎಂಬುದನ್ನು ನಾವು ಮರೆತಂತಿದೆ.

ಹಾಗಾದರೆ ಆರಿಸುವುದು ಹೇಗೆ? ಕಾನೂನು ನಮ್ಮ ಕಡೆಗಿದೆ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯ ಅಡಿಯಲ್ಲಿ 2020ರಲ್ಲಿ ಪ್ರತ್ಯೇಕ ನಿಯಮಗಳು ಬಂದಿವೆ. ಪಾದರಸವನ್ನು ಬೇಕೆಂದು ಬೆರೆಸುವಂತಿಲ್ಲ. ತಿಳಿಯದೆ ಸೇರಿದರೂ ಹತ್ತು ಲಕ್ಷದಲ್ಲಿ 1 ಭಾಗವನ್ನು, ಕಣ್ಣಿನ ಸುತ್ತ ಬಳಸುವುದರಲ್ಲಿ 70 ಭಾಗವನ್ನು ಮೀರಬಾರದು. ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 20 ಭಾಗವನ್ನು ದಾಟುವಂತಿಲ್ಲ. ತಯಾರಕರ ಹೆಸರು ವಿಳಾಸ, ಪರವಾನಗಿಯ ಸಂಖ್ಯೆ, ತಂಡದ ಸಂಖ್ಯೆ, ಬಳಕೆಯ ಅವಧಿ ಮೇಲೆ ಅಚ್ಚಾಗಿರಬೇಕು. ಒಳಗಿನ ದ್ರವ್ಯಗಳ ಪಟ್ಟಿಯಲ್ಲಿ ಹೆಚ್ಚಿನ ಪ್ರಮಾಣದ್ದು ಮೊದಲು ಬರುತ್ತದೆ. ಆದ್ದರಿಂದ ಡಬ್ಬಿಯ ಮುಂಭಾಗದ ಅರಿಶಿನ ಹಿಂಭಾಗದ ಪಟ್ಟಿಯ ಕಟ್ಟಕಡೆಯಲ್ಲಿ ಮುದುರಿ ಕುಳಿತಿದ್ದರೆ, ಎಷ್ಟು ಅರಿಶಿನವಿದೆಯೆಂದು ನೀವೇ ಊಹಿಸಬಹುದು. ಈ ವಿವರಗಳಿಲ್ಲದ ಸಾಮಗ್ರಿಯನ್ನು, ಅದರ ಮೇಲೆ ಯಾವ ಎಲೆ ಇದ್ದರೂ, ಹಿಂದಿರುಗಿಸಿಬಿಡಬೇಕು.

ಮನೆಯಲ್ಲಿ ನಾವು ಮಾಡಬಹುದಾದ ಪರೀಕ್ಷೆಗಳು ಒರಟಾದವು. ಅರಿಶಿನದ ಬಣ್ಣ ತಣ್ಣೀರಿನಲ್ಲಿ ಅಷ್ಟಾಗಿ ಕರಗದು. ಕುಂಕುಮ ಹಾಕಿದ ಕೂಡಲೆ ಲೋಟದ ನೀರೆಲ್ಲ ಗುಲಾಬಿಯಾದರೆ ಅನುಮಾನಿಸಬಹುದು, ಅಷ್ಟೆ. ಹೊಸದನ್ನು ಮುಖಕ್ಕೆ ಹಚ್ಚುವ ಮೊದಲು ಮೊಣಕೈಯ ಒಳಮಗ್ಗುಲಲ್ಲಿ ಒಂದಿಷ್ಟು ಹಚ್ಚಿ ಎರಡು ದಿನ ಕಾಯುವುದು ಒಳ್ಳೆಯದು. ಎಲ್ಲಕ್ಕಿಂತ ಮಿಗಿಲಾಗಿ, ನವೆ ಕಾಣಿಸಿದ ದಿನವೇ ನಿಲ್ಲಿಸುವುದು. ಮರೆಮಾಡಲು ಇನ್ನಷ್ಟು ಬಳಿಯುವುದರಿಂದ ಏನಾಯಿತೆಂದು ಆಗಲೇ ಹೇಳಿದ್ದೇನೆ.

ಸಾವಿರ ವರ್ಷಗಳ ಹಿಂದೆ, 1025ರ ಸುಮಾರಿಗೆ, ಇಮ್ಮಡಿ ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥವನ್ನು ರಚಿಸಿದ. ಜನಕ್ಕೆ ನಿತ್ಯ ಬೇಕಾಗುವ ವಿದ್ಯೆಗಳ ಸಂಗ್ರಹವದು. ಅದರಲ್ಲಿ ಸುಗಂಧದ್ರವ್ಯಗಳನ್ನು ಕೂಡಿಸುವ ಬಗೆಯೂ ಇದೆ, ವಿಷವೈದ್ಯವೂ ಇದೆ. ತರಗತಿಯಲ್ಲಿ ಇದನ್ನೊಂದು ಕುತೂಹಲದ ಸಂಗತಿಯೆಂದು ಹೇಳಿ ಮುಂದೆ ಹೋಗುತ್ತಿದ್ದೆ. ಲೇಪನವೂ ವಿಷವೂ ನೆರೆಹೊರೆಯ ಮನೆಗಳು, ಒಂದನ್ನು ಬಲ್ಲವನು ಇನ್ನೊಂದನ್ನೂ ಬಲ್ಲವನಾಗಿರಬೇಕು ಎಂಬ ಎಚ್ಚರ ಆ ಹೊಂದಿಕೆಯಲ್ಲಿದೆಯೆಂದು ನನಗೀಗ ಅನ್ನಿಸುತ್ತದೆ. ನಮ್ಮಮ್ಮನ ಭರಣಿಗಿದ್ದ ಹಿರಿಮೆಯೂ ಇಂಥದೇ. ಅದರಲ್ಲಿದ್ದುದೆಲ್ಲ ನಿಸರ್ಗದ್ದೆಂಬುದಕ್ಕಿಂತ, ಅದರಲ್ಲಿ ಏನೇನು ಇದೆಯೆಂದು ಹಚ್ಚಿಕೊಳ್ಳುವವಳಿಗೆ ಗೊತ್ತಿತ್ತು ಎಂಬುದು ದೊಡ್ಡದು. ಆ ಅರಿವನ್ನು ಕಳೆದುಕೊಂಡು ಬರಿಯ ‘ನ್ಯಾಚುರಲ್’ ಎಂಬ ಮಾತನ್ನು ಉಳಿಸಿಕೊಂಡರೆ ಏನು ಬಂತು?

ಆ ದಿನ ಹುಡುಗಿಗೆ ನಾನು ಬೇಡವೆನ್ನಲಿಲ್ಲ. “ಡಬ್ಬಿಯಲ್ಲಿ ಏನಿದೆ ಓದಿ ಹೇಳು” ಎಂದೆ. ತಿರುಗಿಸಿ ಮುರುಗಿಸಿ ನೋಡಿ, “ಏನೂ ಬರೆದಿಲ್ಲವಲ್ಲ” ಎಂದಳು. ಆಗ ಅವಳ ತಾಯಿ ಬಾಗಿಲಿನಿಂದ ಒಳಗೆ ಬಂದು, ಮಗಳ ಪಕ್ಕದಲ್ಲಿ ಕುಳಿತು, ಹಣೆಯ ಕುಂಕುಮವನ್ನು ಸೆರಗಿನಿಂದ ಒರೆಸಿ ಆ ರಾಗಿಕಾಳಿನಷ್ಟು ಬಿಳುಪನ್ನು ತೋರಿಸಿದಳು. ಇಪ್ಪತ್ತೈದು ವರ್ಷಗಳಿಂದ ಮುಚ್ಚಿಟ್ಟಿದ್ದ ಮಾತನ್ನು ಮಗಳಿಗೆ ತಾನೇ ಹೇಳಿದಳು. ನಾನು ತಂದುಕೊಟ್ಟ ಪಾಕೀಟೆಂಬುದನ್ನು ಮಾತ್ರ ಹೇಳಲಿಲ್ಲ. ಅದನ್ನು ನಾನು ಹೇಳಿದೆ.

‘ಅಲಂ’ ಎಂಬ ಸಂಸ್ಕೃತ ಶಬ್ದಕ್ಕೆ ‘ಸಾಕು’ ಎಂಬ ಅರ್ಥವೂ ಉಂಟು. ಅಲಂಕಾರವೆಂಬ ಮಾತು ಹುಟ್ಟಿದ್ದು ಅದರಿಂದ. ಇದನ್ನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದು ಅಳಿಸಿದ್ದೇನೆ. ಕನ್ನಡಿಯ ಮುಂದೆ ನಿಂತ ಹೆಣ್ಣುಮಕ್ಕಳು, ಗಂಡುಮಕ್ಕಳೂ ಕೂಡ, ಆ ಶಬ್ದವನ್ನು ಒಮ್ಮೆ ನೆನೆದುಕೊಂಡು, ಡಬ್ಬಿಯ ಹಿಂಭಾಗವನ್ನು ಒಮ್ಮೆ ಓದಿಕೊಂಡು, ಆಮೇಲೆ ಸಂತೋಷವಾಗಿ ಸಿಂಗರಿಸಿಕೊಳ್ಳಲಿ ಎಂದು ಹಾರೈಸುತ್ತೇನೆ.



(ಬಾನುಲಿ ಭಾಷಣ)