ಹತ್ತನೆಯ ಶ್ರೀಮಂತ ರಾಷ್ಟ್ರವೇ? ಆಫ್ರಿಕನ್ ಅಮೆರಿಕನ್ನರ ಲೆಕ್ಕ ನಮಗೆ ಕಲಿಸುವ ಪಾಠ

(ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮುದಾಯದ ಸಭೆಗಳಲ್ಲಿ ನಾವು ಪದೇ ಪದೇ ಕೇಳುವ ಒಂದು ಮಾತಿದೆ. ನಾವು ಇಷ್ಟು ಕೋಟಿ ಜನರಿದ್ದೇವೆ, ಪ್ರತ್ಯೇಕವಾಗಿ ಎಣಿಸಿದರೆ ಜಗತ್ತಿನ ಎಷ್ಟೋ ರಾಷ್ಟ್ರಗಳಿಗಿಂತ ದೊಡ್ಡವರಾಗುತ್ತೇವೆ ಎಂಬುದೇ ಆ ಮಾತು. ಇದನ್ನು ಕೇಳಿದಾಗ ಸಭಿಕರ ಮುಖ ಅರಳುತ್ತದೆ. ಆದರೆ ಈ ಹೋಲಿಕೆಯಿಂದ ನಮ್ಮ ಸ್ಥಿತಿ ಅರ್ಥವಾಗುತ್ತದೆಯೇ ಅಥವಾ ಮರೆಯಾಗುತ್ತದೆಯೇ ಎಂದು ನಾವು ವಿಚಾರಿಸುವುದಿಲ್ಲ. ಇಂತಹದೇ ಹೋಲಿಕೆಯನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಮಾಡುತ್ತಾ ಬಂದ ಇನ್ನೊಂದು ಅಲ್ಪಸಂಖ್ಯಾತ ಸಮುದಾಯವಿದೆ. ಅದು ಅಮೆರಿಕದ ಕಪ್ಪು ವರ್ಣೀಯರ ಸಮುದಾಯ. ಅವರ ಅನುಭವವನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

1968ರ ಎಪ್ರಿಲ್ 3ರ ರಾತ್ರಿ ಮೆಂಫಿಸ್ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತನ್ನ ಕೊನೆಯ ಭಾಷಣ ಮಾಡಿದರು. ಮರುದಿನವೇ ಅವರ ಹತ್ಯೆಯಾಯಿತು. ನಗರದ ಸುಮಾರು 1,300 ಪೌರ ಕಾರ್ಮಿಕರು ಮುಷ್ಕರ ಹೂಡಿದ್ದರು. ಫೆಬ್ರವರಿ 1ರಂದು ಕಸದ ಲಾರಿಯ ಯಂತ್ರಕ್ಕೆ ಸಿಲುಕಿ ಇಬ್ಬರು ಕಾರ್ಮಿಕರು ಮೃತಪಟ್ಟದ್ದು ಆ ಮುಷ್ಕರಕ್ಕೆ ಪ್ರೇರಣೆಯಾಗಿತ್ತು. ಆ ಬಡ ಕಾರ್ಮಿಕರ ಮುಂದೆ ನಿಂತು ಕಿಂಗ್ ಒಂದು ಅಚ್ಚರಿಯ ಲೆಕ್ಕ ಹೇಳಿದರು. ಒಬ್ಬೊಬ್ಬರಾಗಿ ನೋಡಿದರೆ ನಾವು ಬಡವರು, ಆದರೆ ಒಟ್ಟಾಗಿ ಎಣಿಸಿದರೆ ಒಂಬತ್ತು ರಾಷ್ಟ್ರಗಳನ್ನು ಬಿಟ್ಟು ಉಳಿದೆಲ್ಲ ರಾಷ್ಟ್ರಗಳಿಗಿಂತ ಶ್ರೀಮಂತರು ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು. ಕಪ್ಪು ಸಮುದಾಯದ ವಾರ್ಷಿಕ ಆದಾಯ 3,000 ಕೋಟಿ ಡಾಲರಿಗಿಂತ ಹೆಚ್ಚು, ಅದು ಅಮೆರಿಕದ ಒಟ್ಟು ರಫ್ತಿಗಿಂತಲೂ ಕೆನಡಾದ ಬಜೆಟ್ಟಿಗಿಂತಲೂ ದೊಡ್ಡದು ಎಂದು ಅವರು ವಿವರಿಸಿದರು.

ಅಂದಿನಿಂದ ಈ ಹೋಲಿಕೆ ನಿಂತಿಲ್ಲ. ಜಾರ್ಜಿಯಾ ವಿಶ್ವವಿದ್ಯಾನಿಲಯದ ಸೆಲಿಗ್ ಕೇಂದ್ರವು ಅಮೆರಿಕದ ವಿವಿಧ ಜನವರ್ಗಗಳ ಖರೀದಿ ಸಾಮರ್ಥ್ಯವನ್ನು ಅಂದಾಜಿಸುತ್ತಾ ಬಂದಿದೆ. ಅದರ ಪ್ರಕಾರ ಆಫ್ರಿಕನ್ ಅಮೆರಿಕನ್ನರ ಖರೀದಿ ಸಾಮರ್ಥ್ಯ 2010ರಲ್ಲಿ 96,100 ಕೋಟಿ ಡಾಲರ್ ಇದ್ದದ್ದು 2020ರಲ್ಲಿ 1.6 ಟ್ರಿಲಿಯನ್, ಅಂದರೆ 1 ಲಕ್ಷ 60 ಸಾವಿರ ಕೋಟಿ ಡಾಲರಿಗೆ ಏರಿತು. ಅದೇ ವರ್ಷ ಕೆನಡಾದ ರಾಷ್ಟ್ರೀಯ ಉತ್ಪನ್ನವೂ ಹೆಚ್ಚು ಕಡಿಮೆ ಇಷ್ಟೇ ಇತ್ತು. ಆಗ ಕೆನಡಾದ ಜನಸಂಖ್ಯೆ ಸುಮಾರು 3.8 ಕೋಟಿ ಇತ್ತು, ಅಮೆರಿಕದ ಕಪ್ಪು ವರ್ಣೀಯರ ಸಂಖ್ಯೆ 2020ರ ಜನಗಣತಿಯಂತೆ 4.1 ಕೋಟಿ. ಹಾಗಾದರೆ ಅವರು ಕೆನಡಾದಷ್ಟೇ ಸಂಪನ್ನ ರಾಷ್ಟ್ರವೊಂದಕ್ಕೆ ಸಮಾನರಲ್ಲವೇ? ಸಭೆಗಳಲ್ಲಿ ಹೀಗೆಯೇ ಹೇಳಲಾಗುತ್ತದೆ.

ಸಹೋದರರೇ, ಇಲ್ಲಿ ಎರಡು ಭಿನ್ನ ವಸ್ತುಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗಿದೆ. ಕೆನಡಾದ ಲೆಕ್ಕವು ಆ ದೇಶದೊಳಗೆ ಒಂದು ವರ್ಷದಲ್ಲಿ ಉತ್ಪಾದನೆಯಾದ ಸರಕು ಮತ್ತು ಸೇವೆಗಳ ಮೌಲ್ಯ. ಖರೀದಿ ಸಾಮರ್ಥ್ಯವೆಂದರೆ ತೆರಿಗೆ ಕಳೆದು ಜನರ ಕೈಯಲ್ಲಿ ಉಳಿಯುವ ಆದಾಯ. ಅದರ ಬಹುಪಾಲು ಇತರರ ಕಾರ್ಖಾನೆ, ಕಚೇರಿ, ಅಂಗಡಿಗಳಲ್ಲಿ ದುಡಿದು ಪಡೆದ ಸಂಬಳ. ಬಾಡಿಗೆ, ಸಾಲದ ಬಡ್ಡಿ, ವಿಮೆ, ದಿನಸಿ ಎಂದು ಅದು ಹಾಗೆಯೇ ಹೊರಗೆ ಹರಿದು ಹೋಗುತ್ತದೆ. ಕೆನಡಾಕ್ಕೆ ಸ್ವಂತ ನೆಲ, ಅರಣ್ಯ, ತೈಲ ನಿಕ್ಷೇಪಗಳಿವೆ. ತೆರಿಗೆ ವಿಧಿಸುವ ಸಂಸತ್ತು, ನೋಟು ಮುದ್ರಿಸುವ ಕೇಂದ್ರ ಬ್ಯಾಂಕು, ತೀರ್ಪು ನೀಡುವ ನ್ಯಾಯಾಲಯಗಳಿವೆ. ಅಮೆರಿಕದ ಕಪ್ಪು ಸಮುದಾಯದ ವಶದಲ್ಲಿ ಇವುಗಳ ಪೈಕಿ ಯಾವುದಿದೆ? ಜೇಬಿನ ಮೂಲಕ ಹಾದುಹೋಗುವ ಹಣವನ್ನು ಸಂಪತ್ತೆಂದು ಕರೆದರೆ ಬ್ಯಾಂಕಿನ ಗುಮಾಸ್ತನೇ ಊರಿನ ಅತಿ ದೊಡ್ಡ ಶ್ರೀಮಂತನಾದಾನು!

ಇನ್ನು, ಅದೇ ಸೆಲಿಗ್ ಕೇಂದ್ರದ ಲೆಕ್ಕವನ್ನು ಮತ್ತೊಂದು ಕಡೆಯಿಂದ ಓದೋಣ. ದೇಶದ ಜನಸಂಖ್ಯೆಯಲ್ಲಿ ಕಪ್ಪು ವರ್ಣೀಯರು ಶೇಕಡಾ 12ಕ್ಕಿಂತ ಹೆಚ್ಚು, ದೇಶದ ಒಟ್ಟು ಖರೀದಿ ಸಾಮರ್ಥ್ಯದಲ್ಲಿ ಅವರ ಪಾಲು ಶೇಕಡಾ 9 ಮಾತ್ರ. ಕೆನಡಾದೊಂದಿಗೆ ಹೋಲಿಸಿದಾಗ ಹೆಮ್ಮೆ ತಂದ ಅಂಕಿಯೇ ನೆರೆಮನೆಯೊಂದಿಗೆ ಹೋಲಿಸಿದಾಗ ಅನ್ಯಾಯದ ಸಾಕ್ಷಿಯಾಗುತ್ತದೆ. ಮನೆಯೊಳಗೆ ಇಳಿದು ನೋಡಿದರೆ ಚಿತ್ರ ಇನ್ನೂ ಕಠೋರವಾಗಿದೆ. 2022ರಲ್ಲಿ ಸಾಮಾನ್ಯ ಬಿಳಿಯ ಕುಟುಂಬದ ವಾರ್ಷಿಕ ಆದಾಯ ಸುಮಾರು 81 ಸಾವಿರ ಡಾಲರ್, ಕಪ್ಪು ಕುಟುಂಬದ್ದು ಸುಮಾರು 53 ಸಾವಿರ ಡಾಲರ್. ಅಂದರೆ ನೂರಕ್ಕೆ ಅರವತ್ತೈದು. ಆದರೆ ಸಾಲ ಕಳೆದು ಉಳಿಯುವ ಆಸ್ತಿಯನ್ನು ನೋಡಿ. ಅಮೆರಿಕದ ಕೇಂದ್ರ ಬ್ಯಾಂಕು ಅದೇ ವರ್ಷ ನಡೆಸಿದ ಸಮೀಕ್ಷೆಯಂತೆ ಸಾಮಾನ್ಯ ಬಿಳಿಯ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900 ಡಾಲರ್. ಇದು ನೂರಕ್ಕೆ ಹದಿನಾರು ಮಾತ್ರ.

ಆದಾಯದಲ್ಲಿ ನೂರಕ್ಕೆ ಅರವತ್ತೈದು ಪಡೆಯುವ ಸಮುದಾಯವು ಆಸ್ತಿಯಲ್ಲಿ ನೂರಕ್ಕೆ ಹದಿನಾರಕ್ಕೆ ಕುಸಿದದ್ದೇಕೆ? ದುಂದುವೆಚ್ಚವೇ ಕಾರಣವೆಂದು ಉಪದೇಶಿಸುವವರಿದ್ದಾರೆ. ಆದರೆ ಚರಿತ್ರೆ ಬೇರೆಯೇ ಕಾರಣಗಳನ್ನು ಹೇಳುತ್ತದೆ. ಆದಾಯವು ಇಂದಿನ ದುಡಿಮೆಯಿಂದ ಬರುತ್ತದೆ. ಆಸ್ತಿಯು ತಂದೆಯಿಂದ, ಅಜ್ಜನಿಂದ ಇಳಿದು ಬರುತ್ತದೆ. ಅವರ ಅಜ್ಜಂದಿರಿಗೆ ಏನಾಯಿತು?

1865ರ ಜನವರಿ 16ರಂದು ಸೇನಾಧಿಪತಿ ಶರ್ಮನ್, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರಿಗೆ ದಕ್ಷಿಣ ಕರಾವಳಿಯ ಜಮೀನನ್ನು ಕುಟುಂಬಕ್ಕೆ 40 ಎಕರೆಯಂತೆ ಹಂಚಲು ಆಜ್ಞೆ ಹೊರಡಿಸಿದರು. ಕೆಲವೇ ತಿಂಗಳಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆ ಜಮೀನನ್ನು ಹಿಂದಿನ ಒಡೆಯರಿಗೇ ಮರಳಿಸಿದರು. ಅದೇ ವರ್ಷ ಅವರ ಉಳಿತಾಯಕ್ಕಾಗಿ ಫ್ರೀಡ್‌ಮನ್ಸ್ ಬ್ಯಾಂಕ್ ಸ್ಥಾಪನೆಯಾಯಿತು. ಜನರು ಕಾಸು ಕಾಸು ಕೂಡಿಟ್ಟು ತಂದು ಕೊಟ್ಟರು. ಆಡಳಿತದಲ್ಲಿದ್ದವರು ಆ ಹಣವನ್ನು ಅಪಾಯಕಾರಿ ವ್ಯವಹಾರಗಳಿಗೆ ಸಾಲವಾಗಿ ಕೊಟ್ಟರು. 1874ರಲ್ಲಿ ಬ್ಯಾಂಕು ಮುಚ್ಚಿದಾಗ 61 ಸಾವಿರಕ್ಕೂ ಹೆಚ್ಚು ಠೇವಣಿದಾರರ ಸುಮಾರು 30 ಲಕ್ಷ ಡಾಲರ್ ಸಿಲುಕಿಕೊಂಡಿತ್ತು. ಕೊನೆಯ ದಿನಗಳಲ್ಲಿ ಅಧ್ಯಕ್ಷ ಸ್ಥಾನ ವಹಿಸಿದ ಫ್ರೆಡರಿಕ್ ಡಗ್ಲಸ್ ತನ್ನ ಸ್ವಂತ 10 ಸಾವಿರ ಡಾಲರ್ ಹಾಕಿಯೂ ಅದನ್ನು ಉಳಿಸಲಾಗಲಿಲ್ಲ.

ಮುಂದೆ ಟುಲ್ಸಾ ನಗರದ ಗ್ರೀನ್‌ವುಡ್ ಬಡಾವಣೆಯಲ್ಲಿ ಕಪ್ಪು ವರ್ಣೀಯರು ತಮ್ಮದೇ ಅಂಗಡಿ, ಹೋಟೆಲು, ಚಿತ್ರಮಂದಿರ, ಪತ್ರಿಕೆಗಳನ್ನು ಕಟ್ಟಿಕೊಂಡರು. ನಮ್ಮ ಹಣ ನಮ್ಮವರಲ್ಲೇ ಸುತ್ತಲಿ ಎಂಬ ಉಪದೇಶವನ್ನು ಅಕ್ಷರಶಃ ಪಾಲಿಸಿದ ಊರು ಅದು. 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ಅದರ 35 ಬೀದಿ ವಿಭಾಗಗಳನ್ನು ಸುಟ್ಟು ಹಾಕಿತು. 1,200ಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಗಲಭೆಯ ನಷ್ಟಕ್ಕೆ ಪರಿಹಾರವಿಲ್ಲವೆಂದು ವಿಮಾ ಕಂಪೆನಿಗಳು ಕೈತೊಳೆದುಕೊಂಡವು. 1930ರ ದಶಕದಲ್ಲಿ ಸರಕಾರಿ ಸಂಸ್ಥೆಯೇ ನಗರಗಳ ನಕ್ಷೆ ತಯಾರಿಸಿ ಕಪ್ಪು ವರ್ಣೀಯರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಅಲ್ಲಿ ಗೃಹಸಾಲ ಕೊಡುವುದು ಅಪಾಯಕಾರಿ ಎಂಬುದು ಅದರ ಅರ್ಥ. ಬಿಳಿಯ ಮಧ್ಯಮ ವರ್ಗವು ಸರಕಾರಿ ಭದ್ರತೆಯ ಸಾಲದಿಂದ ಮನೆ ಕೊಂಡು ಮಕ್ಕಳಿಗೆ ಆಸ್ತಿ ಬಿಟ್ಟು ಹೋದ ಕಾಲದಲ್ಲಿ ಇವರು ಬಾಡಿಗೆ ಕಟ್ಟುತ್ತಾ ಬದುಕಿದರು. ಮನೆ ಮಾರಾಟ ಮತ್ತು ಬಾಡಿಗೆಯಲ್ಲಿ ತಾರತಮ್ಯವನ್ನು ನಿಷೇಧಿಸುವ ಕಾನೂನು ಬಂದದ್ದು 1968ರ ಎಪ್ರಿಲ್ 11ರಂದು, ಕಿಂಗ್ ಹತ್ಯೆಯಾದ ಒಂದು ವಾರದ ಬಳಿಕ.

ಸ್ವಂತ ಉದ್ಯಮ ಕಟ್ಟುವುದು ನಿರರ್ಥಕ ಎಂದು ನಾನು ಹೇಳುತ್ತಿಲ್ಲ. ರಾಜ್ಯವು ನ್ಯಾಯ ಒದಗಿಸದಿದ್ದರೆ ಕಟ್ಟಿದ್ದೂ ಉಳಿಯುವುದಿಲ್ಲ ಎಂಬುದೇ ಗ್ರೀನ್‌ವುಡ್‌ನ ಪಾಠ. ನಂಬಿಕೆಯ ಹಣವನ್ನು ಕಾಯುವವರು ಪ್ರಾಮಾಣಿಕರೂ ಸಮರ್ಥರೂ ಆಗಿರದಿದ್ದರೆ ಬಡವನೇ ಮುಳುಗುತ್ತಾನೆ ಎಂಬುದು ಫ್ರೀಡ್‌ಮನ್ಸ್ ಬ್ಯಾಂಕಿನ ಪಾಠ. ಈ ಎರಡನೆಯ ಪಾಠ ನಮಗೆ ಹೊಸದಲ್ಲ. 2019ರಲ್ಲಿ ಬೆಂಗಳೂರಿನಲ್ಲಿ ಹಲಾಲ್ ಹೂಡಿಕೆಯ ಹೆಸರಿನಲ್ಲಿ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಹಾಗಾದರೆ ಈ ಹೋಲಿಕೆ ಯಾರಿಗೆ ಲಾಭ ತಂದಿತು? 1954ರಲ್ಲಿ ಕಪ್ಪು ಒಡೆತನದ ಜಾನ್ಸನ್ ಪ್ರಕಾಶನ ಸಂಸ್ಥೆಯು ಕಪ್ಪು ಗ್ರಾಹಕರಿಗೆ ಸರಕು ಮಾರುವುದು ಹೇಗೆಂದು ಬಿಳಿಯ ಉದ್ಯಮಿಗಳಿಗೆ ತಿಳಿಸುವ ಚಿತ್ರವೊಂದನ್ನು ತಯಾರಿಸಿತ್ತು. ಜಾಹೀರಾತು ಪಡೆಯುವುದು ಪತ್ರಿಕಾ ಸಂಸ್ಥೆಯ ಅಗತ್ಯವಾಗಿತ್ತು, ಅದು ಸಹಜವೂ ಹೌದು. ಆದರೆ ಮಾರುವವನು ಹಾಕಿಕೊಟ್ಟ ಲೆಕ್ಕವನ್ನು ಕೊಳ್ಳುವವನು ತನ್ನ ಐಶ್ವರ್ಯವೆಂದು ತಿಳಿದರೆ ಅದು ವಿಪರ್ಯಾಸವಲ್ಲವೇ?

ಆದರೆ ಕಿಂಗ್ ಈ ಲೆಕ್ಕವನ್ನು ಹೇಳಿದ್ದು ಹೆಮ್ಮೆಪಡಲಿಕ್ಕಲ್ಲ. ಅದೇ ಭಾಷಣದಲ್ಲಿ ಅವರು, ತಾರತಮ್ಯ ಮಾಡುವ ಕಂಪೆನಿಗಳ ಪಾನೀಯ, ಹಾಲು, ಬ್ರೆಡ್ಡುಗಳನ್ನು ಕೊಳ್ಳದಿರಲು ಕರೆ ನೀಡಿದರು. ಠೇವಣಿಯನ್ನು ಮೆಂಫಿಸ್‌ನ ಕಪ್ಪು ಒಡೆತನದ ಟ್ರೈಸ್ಟೇಟ್ ಬ್ಯಾಂಕಿಗೆ ವರ್ಗಾಯಿಸಲು ಹೇಳಿದರು. ಕೊಳ್ಳುವ ಶಕ್ತಿಯ ಬೆಲೆ ತಿಳಿಯುವುದು ಕೊಳ್ಳದಿದ್ದಾಗ ಎಂಬುದನ್ನು ಅವರು ಮಾಂಟ್‌ಗೊಮರಿಯಲ್ಲಿ ಕಂಡಿದ್ದರು. 1955ರ ಡಿಸೆಂಬರ್ 5ರಿಂದ 381 ದಿನ ಅಲ್ಲಿನ ಕಪ್ಪು ವರ್ಣೀಯರು ಬಸ್ ಹತ್ತಲಿಲ್ಲ. ಬಸ್ ಕಂಪೆನಿ ನಷ್ಟಕ್ಕೀಡಾಯಿತು, ಜೊತೆಗೆ ನ್ಯಾಯಾಲಯದ ತೀರ್ಪೂ ಬಂದು ಪ್ರತ್ಯೇಕತೆಯ ನಿಯಮ ಬಿದ್ದು ಹೋಯಿತು. ಮೆಂಫಿಸ್‌ನಲ್ಲಿಯೂ 1968ರ ಎಪ್ರಿಲ್ 16ರಂದು ಕಾರ್ಮಿಕರ ಸಂಘಕ್ಕೆ ಮಾನ್ಯತೆಯೂ ವೇತನ ಹೆಚ್ಚಳವೂ ದೊರೆಯಿತು. ಒಟ್ಟು ಮೊತ್ತ ಎಷ್ಟೆಂಬುದಕ್ಕಿಂತ ಅದರ ಹಿಂದಿನ ಶಿಸ್ತು, ಒಗ್ಗಟ್ಟು ಮತ್ತು ನ್ಯಾಯದ ಬೇಡಿಕೆಗಳೇ ಗೆದ್ದವು.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮ ಚರಿತ್ರೆ ಅವರದರಂತಲ್ಲ. ನಾವು ಹಡಗಿನಲ್ಲಿ ಸರಪಳಿ ತೊಡಿಸಿ ತರಲ್ಪಟ್ಟವರಲ್ಲ, ಈ ನೆಲದ ಮಕ್ಕಳು. ಆದರೆ ಹೋಲಿಕೆಯ ಪ್ರಲೋಭನೆ ಮಾತ್ರ ಒಂದೇ. 2011ರ ಜನಗಣತಿಯಂತೆ ಭಾರತದ ಮುಸ್ಲಿಮರು 17.22 ಕೋಟಿ, ದೇಶದ ಜನಸಂಖ್ಯೆಯ ಶೇಕಡಾ 14.2. ರಶ್ಯದ ಇಡೀ ಜನಸಂಖ್ಯೆಗಿಂತ ಇದು ಹೆಚ್ಚು. ಈ ಸಂಖ್ಯೆಯಿಂದ ಒಬ್ಬ ಬೀಡಿ ಕಾರ್ಮಿಕಳ ಕೂಲಿ ಒಂದು ರೂಪಾಯಿಯಾದರೂ ಏರುತ್ತದೆಯೇ? ಹೋಲಿಕೆ ಮಾಡಲೇಬೇಕೆಂದಿದ್ದರೆ 2006ರಲ್ಲಿ ಸಾಚಾರ್ ಸಮಿತಿ ಮಾಡಿದಂತೆ ಮಾಡಬೇಕು. ಅದು ನಮ್ಮನ್ನು ಇನ್ನೊಂದು ದೇಶದೊಂದಿಗೆ ಹೋಲಿಸಲಿಲ್ಲ, ಇದೇ ದೇಶದ ಇತರ ಪ್ರಜೆಗಳೊಂದಿಗೆ ಹೋಲಿಸಿತು. ಖಾಯಂ ಸಂಬಳದ ಉದ್ಯೋಗದಲ್ಲಿ ಮುಸ್ಲಿಮರ ಪಾಲು ಕಡಿಮೆ, ಸಣ್ಣಪುಟ್ಟ ಸ್ವಯಂ ಉದ್ಯೋಗದ ಅವಲಂಬನೆ ಹೆಚ್ಚು, ಬ್ಯಾಂಕ್ ಸಾಲ ದೊರೆಯುವುದು ಕಡಿಮೆ ಎಂದು ಅದು ತೋರಿಸಿಕೊಟ್ಟಿತು. ಅಂತಹ ಹೋಲಿಕೆಯಿಂದ ಚಪ್ಪಾಳೆ ಬೀಳುವುದಿಲ್ಲ. ಆದರೆ ಹಕ್ಕು ಕೇಳಲು ಆಧಾರ ದೊರೆಯುತ್ತದೆ.

ದೊಡ್ಡ ಮೊತ್ತದ ಹೆಮ್ಮೆಗೆ ಇನ್ನೊಂದು ಅಪಾಯವೂ ಇದೆ. ನೀವು ಅಷ್ಟು ದೊಡ್ಡವರಾದರೆ ನಿಮಗೆ ನೆರವೇಕೆ ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. 2022ರಲ್ಲಿ ಕೇಂದ್ರ ಸರಕಾರವು ಒಂದರಿಂದ ಎಂಟನೆಯ ತರಗತಿಯ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದ್ಯಾರ್ಥಿವೇತನವನ್ನೂ ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ ನಿಲ್ಲಿಸಿತು. ಶಿಕ್ಷಣ ಹಕ್ಕು ಕಾಯ್ದೆ ಮತ್ತು ಇತರ ಯೋಜನೆಗಳು ಇರುವುದರಿಂದ ಇವು ಅನಗತ್ಯವೆಂಬುದು ಅದು ಕೊಟ್ಟ ಕಾರಣ. ಅದಕ್ಕೆ ಉತ್ತರಿಸಲು ಎಷ್ಟು ಮಕ್ಕಳ ಓದು ನಿಂತಿತು ಎಂಬ ಲೆಕ್ಕ ನಮ್ಮ ಕೈಯಲ್ಲಿ ಇರಬೇಕು. ನಾವು ಎಷ್ಟು ಕೋಟಿ ಎಂಬ ಲೆಕ್ಕ ಅಲ್ಲಿ ಉಪಯೋಗಕ್ಕೆ ಬಾರದು.

ಇಸ್ಲಾಮ್ ಈ ವಿಷಯದಲ್ಲಿ ನಮ್ಮನ್ನು ಮೊದಲೇ ಎಚ್ಚರಿಸಿದೆ. ಹಿಜ್ರಿ 8ರಲ್ಲಿ ಹುನೈನ್ ಯುದ್ಧಕ್ಕೆ ಹೊರಟ ಮುಸ್ಲಿಮರಿಗೆ ತಮ್ಮ ಸಂಖ್ಯೆಯ ಬಗ್ಗೆ ಹೆಮ್ಮೆಯಿತ್ತು. ಆ ಸಂಖ್ಯಾಬಲ ಪ್ರಯೋಜನಕ್ಕೆ ಬಾರದೆ ಹೋದದ್ದನ್ನು ಪವಿತ್ರ ಕುರ್‌ಆನ್ ಅತ್ತೌಬ ಅಧ್ಯಾಯದಲ್ಲಿ ನೆನಪಿಸುತ್ತದೆ. ಸಂಪತ್ತು ಶ್ರೀಮಂತರ ನಡುವೆಯೇ ಸುತ್ತುತ್ತಿರಬಾರದು ಎಂಬುದು ಅಲ್ ಹಶ್ರ್ ಅಧ್ಯಾಯದ ಬೋಧನೆ. ಸಮುದಾಯದ ಒಟ್ಟು ಮೊತ್ತವನ್ನು ಕೂಡಿಸಿ ಹೇಳುವಾಗ ನಮ್ಮ ನಾಲ್ಕು ಶ್ರೀಮಂತರ ಲೆಕ್ಕದಲ್ಲಿ ನಲ್ವತ್ತು ಬಡವರು ಮರೆಯಾಗುತ್ತಾರೆ. ಝಕಾತ್‌ನ ವಿಧಾನವಾದರೋ ಇದಕ್ಕೆ ತದ್ವಿರುದ್ಧ. ಅದು ಒಟ್ಟು ಮೊತ್ತವನ್ನು ಕೇಳುವುದಿಲ್ಲ. ಯಾರ ಬಳಿ ಮಿತಿಗಿಂತ ಹೆಚ್ಚಿದೆ, ಯಾರ ಬಳಿ ಏನೂ ಇಲ್ಲ ಎಂದು ಮನೆ ಮನೆಯಾಗಿ ಕೇಳುತ್ತದೆ.

ಆದ್ದರಿಂದ ಪ್ರತಿಯೊಂದು ಜಮಾಅತ್ ತನ್ನ ವ್ಯಾಪ್ತಿಯ ಮನೆಗಳ ಲೆಕ್ಕ ಬರೆದಿಡಲಿ. ಎಷ್ಟು ಕುಟುಂಬಗಳಿಗೆ ಸ್ವಂತ ಮನೆಯಿದೆ, ಎಷ್ಟು ಕುಟುಂಬಗಳು ಬಡ್ಡಿ ಸಾಲದಲ್ಲಿವೆ, ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿಗೆ ಮುಂಚೆಯೇ ಶಾಲೆ ಬಿಟ್ಟಿದ್ದಾರೆ, ಮದುವೆಗಾಗಿ ಮಾರಿದ ಜಮೀನು ಎಷ್ಟು? ಕೊಲ್ಲಿ ರಾಷ್ಟ್ರಗಳ ದುಡಿಮೆಯಿಂದ ಬಂದ ಹಣದಲ್ಲಿ ಓದಿಗೆ ಹೋದದ್ದೆಷ್ಟು, ಅಮೃತಶಿಲೆಗೆ ಹೋದದ್ದೆಷ್ಟು? ಝಕಾತನ್ನು ಸಾಮೂಹಿಕವಾಗಿ ಸಂಗ್ರಹಿಸಿ, ಅದರ ಲೆಕ್ಕವನ್ನು ಪ್ರತಿವರ್ಷ ಎಲ್ಲರ ಮುಂದೆ ಓದಿ ಹೇಳಲಿ. ಇದು ನಮ್ಮ ಹೊಣೆ. ಶಾಲೆ, ಸಾಲ, ಉದ್ಯೋಗ, ಭದ್ರತೆಗಳಲ್ಲಿ ಸಮಾನ ಪಾಲು ನೀಡುವುದು ಸರಕಾರದ ಹೊಣೆ. ಒಂದರ ನೆಪ ಹೇಳಿ ಇನ್ನೊಂದರಿಂದ ಯಾರೂ ನುಣುಚಿಕೊಳ್ಳಬಾರದು.

ನಾಳೆ ಅಲ್ಲಾಹನ ಮುಂದೆ ನಿಲ್ಲುವಾಗ ನಿಮ್ಮ ಸಮುದಾಯ ಯಾವ ರಾಷ್ಟ್ರಕ್ಕೆ ಸಮಾನವಾಗಿತ್ತು ಎಂದು ಯಾರೂ ನಮ್ಮನ್ನು ಕೇಳಲಾರರು. ನಮ್ಮ ಪಕ್ಕದ ಮನೆಯವರು ಹಸಿದು ಮಲಗಿದ್ದರೇ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಕಾದೀತು. ಆ ಉತ್ತರವನ್ನು ಸಿದ್ಧಪಡಿಸಿಕೊಳ್ಳುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ.