ಸರ್ಟಿಫಿಕೇಟಿನ ಆಯಸ್ಸು



ಹೊಸ ಆಪರೇಟಿಂಗ್ ಸಿಸ್ಟಮ್ ಬಂದಾಗಲೆಲ್ಲ ಐಟಿಯವರು ತಮ್ಮ ಸರ್ಟಿಫಿಕೇಷನ್ ನವೀಕರಿಸಿಕೊಳ್ಳಬೇಕೆ? ಈ ಎರಡು ದಿನದ ಸಂಕಿರಣದ ಪ್ರಶ್ನೆ ಇದು. ಆಶಯ ಭಾಷಣ ಮಾಡುವವರು ತಕ್ಕಡಿಯ ಎರಡೂ ತಟ್ಟೆ ತೋರಿಸಿ ವೇದಿಕೆ ಇಳಿಯುವುದು ವಾಡಿಕೆ. ನಾನು ಆರಂಭದಲ್ಲೇ ಒಂದು ಕಡೆ ವಾಲಿಬಿಡುತ್ತೇನೆ. ನಿಮ್ಮ ಕೈಯಲ್ಲಿರುವ ಯಂತ್ರದ ಒಳಗು ಬದಲಾಗಿದ್ದರೆ ಮತ್ತೆ ಓದಿ, ಮತ್ತೆ ಪರೀಕ್ಷೆ ಬರೆಯಿರಿ. ಹೊರಗಿನ ಬಣ್ಣವಷ್ಟೇ ಬದಲಾಗಿದ್ದರೆ ಆ ದುಡ್ಡು ಉಳಿಸಿಕೊಳ್ಳಿ. ದುಡ್ಡು ಯಾರದ್ದಾಗಬೇಕು ಎಂಬ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

1999ರಲ್ಲಿ ನಾನು ವಿಂಡೋಸ್ ಎನ್‌ಟಿ 4.0 ಮೇಲೆ ಎಂಸಿಎಸ್‌ಇ ಎಂಬ ಮೈಕ್ರೋಸಾಫ್ಟ್ ಸರ್ಟಿಫಿಕೇಷನ್ ಮಾಡಿದೆ. ಒಟ್ಟು ಆರು ಪರೀಕ್ಷೆ. ಆಗ ಬೆಂಗಳೂರಿಗೆ ವೈಟುಕೆ ಜ್ವರ. ಜಯನಗರ, ಮಲ್ಲೇಶ್ವರದಲ್ಲಿ ಎಲ್ಲಿ ತಲೆ ಎತ್ತಿದರೂ ಕಂಪ್ಯೂಟರ್ ತರಬೇತಿಯ ಬೋರ್ಡು. ಅಮ್ಮ ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಕೋಣೆಯ ಬಾಗಿಲ ಮೇಲೆ ತೂಗುಹಾಕಿದರು. 2000ದ ಫೆಬ್ರವರಿಯಲ್ಲಿ ವಿಂಡೋಸ್ 2000 ಬಂತು. ಎನ್‌ಟಿ 4.0ರ ಎಂಸಿಎಸ್‌ಇಗಳು 2001ರ ಕೊನೆಯೊಳಗೆ ಹೊಸ ಪರೀಕ್ಷೆಗಳನ್ನು ಮುಗಿಸದಿದ್ದರೆ ಅವರ ಸರ್ಟಿಫಿಕೇಷನ್ ರದ್ದು ಎಂದು ಮೈಕ್ರೋಸಾಫ್ಟ್ ಸಾರಿತು. ಸಮಾಧಾನಕ್ಕೆ 70-240 ಎಂಬ ಪರೀಕ್ಷೆ ಇಟ್ಟಿದ್ದರು: ನಾಲ್ಕು ಪರೀಕ್ಷೆಗಳನ್ನು ಒಂದೇ ಮೂಟೆ ಕಟ್ಟಿದ್ದು, ಶುಲ್ಕವಿಲ್ಲ, ಆದರೆ ಕೂರಲು ಒಂದೇ ಒಂದು ಅವಕಾಶ. ನಾನು ಕೂತೆ, ಫೇಲಾದೆ.

2001ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ತನ್ನ ಮಾತನ್ನು ಹಿಂತೆಗೆದುಕೊಂಡಿತು. ಪ್ರಪಂಚದಾದ್ಯಂತ ಗಲಾಟೆಯಾಗಿತ್ತು. ಹಾಗಾಗಿ ಅಮ್ಮನ ಗೋಡೆಯ ಮೇಲಿನ ಕಾಗದಕ್ಕೆ ಏನೂ ಆಗಲಿಲ್ಲ. ಆದರೆ ಆ ಕಾಗದ ಹಿಡಿದು ವಿಂಡೋಸ್ 2000 ಸರ್ವರ್ ಮುಂದೆ ಕೂತರೆ ಕೈ ಓಡುತ್ತಿರಲಿಲ್ಲ. ಎನ್‌ಟಿಯಲ್ಲಿ ಒಬ್ಬ ಯಜಮಾನ: ಪ್ರೈಮರಿ ಡೊಮೈನ್ ಕಂಟ್ರೋಲರ್. ಬದಲಾವಣೆ ಏನಿದ್ದರೂ ಅಲ್ಲೇ ಆಗಬೇಕು, ಉಳಿದ ಬ್ಯಾಕಪ್ ಕಂಟ್ರೋಲರ್‌ಗಳು ನಕಲು ಮಾಡಿಕೊಳ್ಳುತ್ತವೆ. ವಿಂಡೋಸ್ 2000ದ ಜೊತೆ ಆಕ್ಟಿವ್ ಡೈರೆಕ್ಟರಿ ಬಂದ ಮೇಲೆ ಎಲ್ಲ ಕಂಟ್ರೋಲರ್‌ಗಳೂ ಬರೆಯಬಲ್ಲವು, ಒಂದರಿಂದೊಂದು ಕಲಿಯಬಲ್ಲವು. ಹೆಸರು ಹುಡುಕುವ ಕೆಲಸ ವಿನ್ಸ್‌ನಿಂದ ಡಿಎನ್‌ಎಸ್‌ಗೆ ಹೋಯಿತು.

ನಾನಿದ್ದ ಕಂಪನಿಯ ಹುಬ್ಬಳ್ಳಿ ಶಾಖೆಯಲ್ಲಿ ಆಗ ಒಂದು ವಿಚಿತ್ರ ದೂರು. ಬೆಳಿಗ್ಗೆ ಪಾಸ್‌ವರ್ಡ್ ಒತ್ತಿದವರು ಕ್ಯಾಂಟೀನಿಗೆ ಹೋಗಿ ಚಹಾ ಕುಡಿದು ಬಂದರೂ ಲಾಗಿನ್ ಆಗಿರುತ್ತಿರಲಿಲ್ಲ. ಶಾಖೆಯಲ್ಲೇ ಡೊಮೈನ್ ಕಂಟ್ರೋಲರ್ ಇತ್ತು, ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಕಾರಣ ಇಷ್ಟೇ: ಶಾಖೆಯ ಸಬ್‌ನೆಟ್ಟನ್ನು ಆಕ್ಟಿವ್ ಡೈರೆಕ್ಟರಿಯ ಯಾವ ಸೈಟಿಗೂ ಸೇರಿಸಿರಲಿಲ್ಲ. ತಾವು ಯಾವ ಊರಿನವೆಂದು ಆ ಪಿಸಿಗಳಿಗೆ ಗೊತ್ತಿಲ್ಲ. ಪಕ್ಕದ ಕೋಣೆಯ ಸರ್ವರ್ ಬಿಟ್ಟು, 64 ಕೆಬಿಪಿಎಸ್ ಲೀಸ್ಡ್ ಲೈನ್ ಹಿಡಿದು ಬೆಂಗಳೂರಿನ ಸರ್ವರ್‌ನ ಕದ ತಟ್ಟುತ್ತಿದ್ದವು. ಇದು ನನಗೆ ಹೊಳೆದದ್ದು ಫೇಲಾದ ಪರೀಕ್ಷೆಗೆ ಓದಿದ್ದ ಒಂದು ಅಧ್ಯಾಯದಿಂದ. ಪಾಸಾದ ಆರು ಪರೀಕ್ಷೆಗಳಲ್ಲಿ ಆ ವಿಷಯವೇ ಇರಲಿಲ್ಲ.

ಲಿನಕ್ಸ್ ಕಡೆಯ ಮಿತ್ರರಿಗೆ ಇಂಥದೇ ತಿರುವು ಬಂದದ್ದು 2014ರ ಜೂನಿನಲ್ಲಿ, ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7 ಬಂದಾಗ. ಸಿಸ್ಟಮ್‌ಡಿ ಬಂದು ಸರ್ವಿಸ್ ಶುರು ಮಾಡುವ ರೀತಿ, ಲಾಗ್ ನೋಡುವ ರೀತಿ ಬದಲಾದವು. ಐಪಿಟೇಬಲ್ಸ್ ಜಾಗಕ್ಕೆ ಫೈರ್‌ವಾಲ್‌ಡಿ ಬಂತು. ಡೀಫಾಲ್ಟ್ ಫೈಲ್‌ಸಿಸ್ಟಮ್ ಎಕ್ಸ್‌ಎಫ್‌ಎಸ್ ಆಯಿತು. ಅದನ್ನು ಹಿಗ್ಗಿಸಬಹುದು, ಕುಗ್ಗಿಸಲಾಗದು. ಹಳೆಯ ಅಭ್ಯಾಸದಲ್ಲಿ ಡಿಸ್ಕ್ ಧಾರಾಳವಾಗಿ ಹಂಚಿ, ಆಮೇಲೆ ವಾಪಸ್ ಪಡೆಯಲು ಹೊರಟು ತಲೆಯ ಮೇಲೆ ಕೈ ಹೊತ್ತು ಕೂತವರನ್ನು ನೋಡಿದ್ದೇನೆ. ಇಂಥ ಕಡೆ ಹೊಸ ಪರೀಕ್ಷೆ ಸಾರ್ಥಕ. ಅದರಲ್ಲೂ ರೆಡ್‌ಹ್ಯಾಟ್‌ನ ಪರೀಕ್ಷೆಯ ಬಗ್ಗೆ ನನಗೆ ಗೌರವವಿದೆ. ಅಲ್ಲಿ ಸರಿಯುತ್ತರಕ್ಕೆ ಗುರುತು ಹಾಕುವ ಆಟವಿಲ್ಲ. ಯಂತ್ರವನ್ನೇ ಮುಂದಿಟ್ಟು ಕೆಲಸ ಮಾಡಿ ಎನ್ನುತ್ತಾರೆ. ರೀಬೂಟ್ ಆದ ಮೇಲೂ ನೀವು ಮಾಡಿದ ಕೆಲಸ ಉಳಿದಿರಬೇಕು. ಡಂಪ್ಸ್, ಅಂದರೆ ಸೋರಿಕೆಯಾದ ಪ್ರಶ್ನೋತ್ತರ, ಉರು ಹೊಡೆದವರು ಆ ರೀಬೂಟಿನಲ್ಲಿ ಸಿಕ್ಕಿಬೀಳುತ್ತಾರೆ.

ಈಗ ಇನ್ನೊಂದು ದಿನ ನೆನಪಿಸಿಕೊಳ್ಳಿ: 2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರ್ಣ ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ಪರಿಹಾರ ಏನಿತ್ತು? ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸುವುದು. ಸೇಫ್ ಮೋಡ್ ವಿಂಡೋಸ್ 95ರ ಕಾಲದ್ದು. ಬಿಟ್‌ಲಾಕರ್ ರಿಕವರಿ ಕೀ ಬರೆದಿಟ್ಟುಕೊಂಡವರು ಬೇಗ ಪಾರಾದರು. ಆ ಕೀಗಳನ್ನು ಮಲಗಿದ ಸರ್ವರ್‌ನಲ್ಲೇ ಇಟ್ಟಿದ್ದವರ ಪಾಡು ಹೇಳಬೇಕಿಲ್ಲ. ಅಂದು ವಿಂಡೋಸ್ 11ರ ಹೊಸ ಸರ್ಟಿಫಿಕೇಟ್ ಇದ್ದವರಿಗೂ ಇಲ್ಲದವರಿಗೂ ವ್ಯತ್ಯಾಸವಿರಲಿಲ್ಲ.

ಹೊಸದರ ಪರೀಕ್ಷೆಗೆ ಓಡುವವರು ತಮ್ಮ ಕಚೇರಿಯಲ್ಲಿ ಓಡುತ್ತಿರುವುದು ಯಾವುದೆಂದು ಒಮ್ಮೆ ನೋಡಿಕೊಂಡರೆ ಒಳ್ಳೆಯದು. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ನಾಲ್ಕು ವರ್ಷ ಕಳೆದು, 2018ರ ಜೂನಿನಲ್ಲಿ, ಎಟಿಎಂಗಳಲ್ಲಿ ಇನ್ನೂ ಎಕ್ಸ್‌ಪಿ ಇದೆಯೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಗಡುವು ಹಾಕಬೇಕಾಯಿತು: ಆ ಸೆಪ್ಟೆಂಬರಿಗೆ ಕಾಲು ಭಾಗ, ಮರುವರ್ಷದ ಜೂನಿಗೆ ಪೂರ್ತಿ. ಎಟಿಎಂನಿಂದ ಎಟಿಎಂಗೆ ಬೈಕಿನಲ್ಲಿ ಓಡಾಡಿ ಈ ಕೆಲಸ ಮುಗಿಸಿದ ಹುಡುಗರಿಗೆ ಬೇಕಿದ್ದದ್ದು ಹಳೆಯದರ ತಿಳಿವಳಿಕೆ, ಹೊಸದರ ತಿಳಿವಳಿಕೆ ಎರಡೂ.

ಇನ್ನು ಆಯಸ್ಸಿನ ಲೆಕ್ಕ. ಕಾಂಪ್‌ಟಿಯಾದ ಎ ಪ್ಲಸ್ ಒಮ್ಮೆ ಜೀವಮಾನಕ್ಕೆ ಸಾಕಾಗುತ್ತಿತ್ತು. 2011ರಿಂದ ಮೂರು ವರ್ಷಕ್ಕೆ ಇಳಿಯಿತು. ರೆಡ್‌ಹ್ಯಾಟ್‌ನದೂ ಮೂರು ವರ್ಷ. ನಮ್ಮ ಎಂಸಿಎಸ್‌ಇಯನ್ನು ಮೈಕ್ರೋಸಾಫ್ಟ್ 2021ರ ಜನವರಿ 31ರಂದು ನಿವೃತ್ತಿ ಮಾಡಿತು. ಈಗ ಹುದ್ದೆಗೆ ತಕ್ಕ ಸರ್ಟಿಫಿಕೇಟುಗಳು. ಅಸೋಸಿಯೇಟ್ ದರ್ಜೆಯದಾದರೆ ವರ್ಷಕ್ಕೊಮ್ಮೆ ನವೀಕರಣ. ಅದು ಉಚಿತ, ಮನೆಯಲ್ಲೇ ಪುಸ್ತಕ ತೆರೆದಿಟ್ಟು ಬರೆಯಬಹುದು. ಅದನ್ನು ಕೆಲವರು ಗೇಲಿ ಮಾಡುತ್ತಾರೆ. ನನಗೇನೋ ಇಷ್ಟ: ವರ್ಷಕ್ಕೊಂದು ಸಂಜೆಯಾದರೂ ಏನು ಬದಲಾಯಿತೆಂದು ಓದುತ್ತೇವಲ್ಲ.

ನನ್ನ ತಕರಾರು ಬೇರೆ. ಇಂತಿಷ್ಟು ಜನ ಸರ್ಟಿಫಿಕೇಟ್ ಪಡೆದವರಿದ್ದರೆ ಕಂಪನಿಗೆ ಸಾಫ್ಟ್‌ವೇರ್ ತಯಾರಕರ ಪಾಲುದಾರಿಕೆಯ ದರ್ಜೆ ಸಿಗುತ್ತದೆ. ತಲೆ ಎಣಿಕೆಗೆ ನಿಮ್ಮ ಹೆಸರು ಬೇಕು, ಅಪ್ರೈಸಲ್‌ನಲ್ಲಿ ಅದೇ ಗುರಿ. ಆದರೆ ಓದುವುದು ಮಾತ್ರ ಭಾನುವಾರ, ಶುಲ್ಕ ವಾಪಸ್ ಬರುವುದು ಪಾಸಾದರೆ ಮಾತ್ರ. ಫೇಲಾಗುವ ಭಯವಿರುವವರು ಡಂಪ್ಸ್ ಹುಡುಕದೆ ಇನ್ನೇನು ಮಾಡುತ್ತಾರೆ?

ನಾಳೆ ಸಮಾರೋಪಕ್ಕೆ ಮುಂಚೆ ಈ ಸಂಕಿರಣ ಒಂದು ಪುಟದ ನಿರ್ಣಯ ಬರೆಯಲಿ ಎಂಬುದು ನನ್ನ ವಿನಂತಿ. ಅದರಲ್ಲಿ ಎರಡು ಸಾಲು ಇರಲಿ. ಕಚೇರಿಯ ಯಂತ್ರಕ್ಕೆ ಬೇಕಾದ ಓದು ಕಚೇರಿಯ ವೇಳೆಯಲ್ಲೇ ನಡೆಯಬೇಕು. ಮೊದಲ ಸಲದ ಶುಲ್ಕವನ್ನು ಕಂಪನಿ ಭರಿಸಬೇಕು, ಫೇಲಾದವರದ್ದನ್ನೂ. ಮುಂದಿನ ಸಾಲಿನಲ್ಲಿರುವ ಮ್ಯಾನೇಜರ್ ಮಹನೀಯರು ದಯವಿಟ್ಟು ಮಧ್ಯಾಹ್ನದ ಊಟಕ್ಕೇ ಎದ್ದುಹೋಗದೆ, ಆ ಪುಟಕ್ಕೆ ಸಹಿ ಹಾಕಿ ಹೋಗಿ.